ಬಾವಿಯಿಂದೆದ್ದ ತಾವರೆ

ನಾಣ್ಯ ಕೂಡಿಡುವ ಹುಚ್ಚಿಗೆ ನಾನೊಂದು ಕಟ್ಟಳೆ ಹಾಕಿಕೊಂಡಿದ್ದೇನೆ. ಕೊಂಡ ನಾಣ್ಯ ಆಲ್ಬಮ್ಮಿಗೆ ಸೇರಕೂಡದು, ಯಾರದಾದರೂ ಕೈಯಿಂದಲೇ ಬರಬೇಕು. ಹಾಗಾಗಿ ಹಿತ್ತಾಳೆ ಬಣ್ಣದ, ತಾವರೆ ಚಿತ್ರದ ಇಪ್ಪತ್ತು ಪೈಸೆಯ ಜಾಗ ಎಷ್ಟೋ ವರ್ಷದಿಂದ ಖಾಲಿ. ಮೊಬೈಲಿನಲ್ಲಿ ಬೇಕಾದಷ್ಟು ಮಾರುತ್ತಾರೆ. "ತರಿಸಿಬಿಡೇ ಮಾರಾಯ್ತಿ" ಎಂದು ಗಂಡ ಹೇಳಿ ಹೇಳಿ ಸೋತರು. ನನ್ನದು ಹಟ ಅಂದರೆ ಹಟ.

ಈ ಬೇಸಿಗೆಯಲ್ಲಿ ಹೊಸನಗರದ ಹತ್ತಿರದ ನಮ್ಮ ಮನೆಯ ಬಾವಿಯ ಹೂಳು ತೆಗೆಸಿದೆವು. ಮೊದಲು ಎಂದೋ ಜಾರಿಬಿದ್ದಿದ್ದ ಕೊಡಪಾನ ಬಂತು. ಆಮೇಲೆ ಕೆಸರಿನ ಬುಟ್ಟಿಯಲ್ಲಿ ನಾಣ್ಯಗಳು! ಇಲ್ಲಿ ಮದುವೆಯಾಗಿ ಬಂದ ಸೊಸೆ ಬಾವಿಗೆ ಪೂಜೆ ಮಾಡಿ ಗಂಗೆಗೆಂದು ಒಂದು ನಾಣ್ಯ ಹಾಕುವುದು ಪದ್ಧತಿ. ನಾನು ಹಾಕಿದ್ದು ಆ ಗಡಿಬಿಡಿಯಲ್ಲಿ ಯಾರೋ ಕೈಗೆ ತುರುಕಿದ ಐದರ ಬಿಲ್ಲೆ. ಈಗ ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ಕೂತೆ. ಒಂದನ್ನು ತೊಳೆದು ನೋಡಿದರೆ, ತಾವರೆ! ನಾನು ಕೂಗಿದ ರಭಸಕ್ಕೆ ಕೆಲಸದವರು ಹಾವು ಬಂತೆಂದು ಹಾರಿದರು.

"ಎಂತಾತೇ ಕೂಸೆ?" ಅತ್ತೆ ಓಡಿಬಂದರು. ನಾಣ್ಯವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ ಹೊಸ ಮದುಮಗಳ ಹಾಗೆ ನಾಚಿದರು.

"ಇದು ಯನ್ನದೇ. ಮದುವೆ ಆಗಿ ಹೊರಡಕಾರೆ ಅಮ್ಮ ಕೈಲಿ ಇಟ್ಟಿದ್ದು. ಲಕ್ಷ್ಮಿ ತಾವರೆ ಅಲ್ದಾ, ಹಾಕಲೆ ಮನಸ್ಸೇ ಇತ್ತಿಲ್ಲೆ. ಅತ್ಗೋತ, ಕಣ್ಣೊರೆಸ್ಗೋತ ಹಾಕಿದ್ದಿ."

"ನಂಗೆ ಕೊಡ್ತೀರಾ ಅತ್ತೆ?" ನನ್ನ ತೀರ್ಥಹಳ್ಳಿ ಕಡೆಯ ಮಾತಿನಲ್ಲಿ ಬೆಣ್ಣೆ ಹಚ್ಚಿದೆ.

"ಗಂಗೆಗೆ ಕೊಟ್ಟಿದ್ದು ವಾಪಸ್ ತಗಳಲಾಗ."

ಮುಗಿಯಿತು. ನನಗೆ ಅಳುವೇ ಬಂತು.

ಸಂಜೆ ಹೊಸ ನೀರು ಜಿನುಗುವಾಗ ಅತ್ತೆ ಅರಿಶಿನ ಕುಂಕುಮ ಹಚ್ಚಿ ಒಂದೊಂದೇ ನಾಣ್ಯವನ್ನು ಬಾವಿಗೆ ಬಿಟ್ಟರು. ಒಂದೊಂದು ಬುಳುಕ್ ಎಂದಾಗಲೂ ನನ್ನ ಹೊಟ್ಟೆ ಉರಿಯಿತು. ಕೊನೆಗೆ ಉಳಿದದ್ದು ತಾವರೆ. ಅದನ್ನು ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ನನ್ನ ಅಂಗೈಗಿಟ್ಟರು.

"ಬದಲಿಗೆ ನಿನ್ನ ಆಲ್ಬಮ್ಮಿಂದ ಒಂದು ಹಾಕು. ಗಂಗೆಗೆ ಕಮ್ಮಿ ಆಪಲಾಗ."

ಕುಣಿಯುತ್ತಲೇ ಒಳಗೆ ಓಡಿದೆ. ಜೋಡಿ ಜೋಡಿಯಾಗಿದ್ದ ನಾಣ್ಯಗಳು ಎಷ್ಟೋ ಇದ್ದವು, ಅವುಗಳಲ್ಲೊಂದು ಸಾಕಿತ್ತು. ಆದರೆ ಅತ್ತೆ ಕೊಟ್ಟದ್ದರ ಎದುರು ಅವು ಯಾವುವೂ ನಿಲ್ಲಲಿಲ್ಲ. ಹೂವಿನಂಥ ಅಂಚಿನ ಹತ್ತು ಪೈಸೆ ತೆಗೆದೆ. ಕೋಣಂದೂರು ಸಂತೆಯಿಂದ ಬಂದ ಅಪ್ಪ ಅಂಗಿ ಜೇಬಿನಿಂದ ತೆಗೆದುಕೊಟ್ಟದ್ದು, ನನ್ನ ಸಂಗ್ರಹದ ಮೊದಲನೆಯದು. ಬಾವಿಕಟ್ಟೆಗೆ ಬಂದವಳಿಗೆ ಮುಷ್ಟಿ ಬಿಚ್ಚಲಾಗಲಿಲ್ಲ.

ಅತ್ತೆ ನನ್ನ ಕೈ ನೋಡಿದರು.

"ಹಾಕಲೆ ಮನಸ್ಸಿಲ್ಯಾ?"

"ಇಲ್ಲ ಅತ್ತೆ."

"ಹಂಗಾರೆ ಅದೇ ಸೈ. ಹಾಕು," ಎಂದು ನಕ್ಕರು.