ನಾಲ್ಕು ಗೆರೆಯ ನವಿಲು

ಬೀರು ತೆಗೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ, ತೀರಾ ಸಣ್ಣಗೆ, ಇನ್ನೊಂದು ವಾಸನೆ. ಗಂಜಿಯದು, ಹಸಿ ಮಣ್ಣಿನದು... ಮೊಳಕಾಲ್ಮೂರಿನ ಮಗ್ಗದ ಗುಂಡಿಯದು. ಇಪ್ಪತ್ತು ವರ್ಷದ ಸೀರೆಯಲ್ಲಿ ಅಷ್ಟೆಲ್ಲ ವಾಸನೆ ಉಳಿದೀತೇ ಎಂದು ಕೇಳಬೇಡಿ. ಮೂಗು ನನ್ನದು, ಬಂತು ಅಂದರೆ ಬಂತು.

ಓರಗಿತ್ತಿಯ ಮಗನ ಮದುವೆಗೆ ನನ್ನ ಧಾರೆ ಸೀರೆಯನ್ನೇ ಉಡಬೇಕೆಂದು ನನಗೆ ಹಟ. ಸೀರೆಗೇನು, ಯಾರಿಗಾದರೂ ಸುತ್ತುತ್ತದೆ. ರವಿಕೆಯ ತೋಳು ಮಾತ್ರ ಮೊಣಕೈ ದಾಟಿ ಮೇಲೆ ಬರಲೊಲ್ಲದು. ಅಂದಿನ ದರ್ಜಿ ಮುಂದಾಲೋಚನೆಯ ಮನುಷ್ಯ, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದ. ಹೊಲಿಗೆ ಬಿಚ್ಚಲು ಬ್ಲೇಡು ಹಿಡಿದು ಕೂತೆ. ಪಕ್ಕದಲ್ಲಿ ಹರಡಿದ್ದ ಸೆರಗಿನ ಅಂಚಿನಲ್ಲಿ ಆ ನಾಲ್ಕು ಗೆರೆಯ ನವಿಲು ಕಂಡಿತು. ಕೈ ಅಲ್ಲೇ ನಿಂತಿತು. ಮಗ್ಗದಜ್ಜ ನೆನಪಾದರು.

ನಾನಾಗ ಮೊಳಕಾಲ್ಮೂರಿನ ಒಂದು ಶಾಲೆಯಲ್ಲಿ ಟೀಚರು. ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿ ಸೊಂಟ ಬಿದ್ದುಹೋಗಿ, ಕೊನೆಗೆ ಅಜ್ಜನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ನಡುಮನೆಯಲ್ಲಿ ಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಜ್ಜ, ಅಜ್ಜನ ಎದುರಿಗೆ ಟಿವಿ. ಬೆಳಗಿನಿಂದ ಟಕಟಕ ಎನ್ನುತ್ತಿದ್ದ ಲಾಳಿ ಸಂಜೆ ಐದಕ್ಕೆ ಗಪ್ಪೆಂದು ನಿಲ್ಲುತ್ತಿತ್ತು. ಐದಕ್ಕೆ ಅವರ ‘ಹಡಗು’ ಬರುತ್ತಿತ್ತು.

ಹಡಗೆಂದರೆ ನೀರಿನದಲ್ಲ, ಆಕಾಶದ್ದು. ಕಾರ್ಟೂನು! ಕೇಬಲ್ಲಿನಲ್ಲಿ ತೆಲುಗು ಮಾತಿನಲ್ಲಿ ಬರುತ್ತಿತ್ತು. ಗ್ರಹದಿಂದ ಗ್ರಹಕ್ಕೆ ಅಲೆಯುವ ಹಡಗಿಗೆ ಒಬ್ಬಳು ಕ್ಯಾಪ್ಟನ್, ಅವಳ ಅಂಗಿಯ ತೋಳಿಗೆ ಐದು ಬಂಗಾರದ ಪಟ್ಟಿ. ಜೊತೆಗೆ ಆರು ಕಾಲಿನ ಒಂದು ರೋಬೋಟು. ಎಪ್ಪತ್ತು ದಾಟಿದ ಮನುಷ್ಯ ಕನ್ನಡಕ ಒರೆಸಿಕೊಂಡು, ಮಕ್ಕಳಿಗೆ ಮಾಡಿದ ಈ ಗೊಂಬೆಯಾಟದ ಮುಂದೆ ಕೂರುವುದನ್ನು ನೋಡಿ ಮೊದಮೊದಲು ನನಗೆ ಒಳಗೊಳಗೇ ನಗು.

ಆದರೆ ಅಜ್ಜ ಕತೆ ನೋಡುತ್ತಿರಲಿಲ್ಲ, ತಪ್ಪು ಹಿಡಿಯುತ್ತಿದ್ದರು. ಸೀರೆಯ ನಕ್ಷೆ ಬರೆಯುವ ಚೌಕಳಿ ಹಾಳೆಯ ಬೆನ್ನಿಗೆ ದಿನದ ತಪ್ಪುಗಳನ್ನೆಲ್ಲ ಗುರುತು ಹಾಕುತ್ತಿದ್ದರು. ಹಡಗಿಗೆ ನಿನ್ನೆ ಎಂಟು ಕಿಟಕಿ, ಇವತ್ತು ಏಳು. ಅಡುಗೆಯವನ ಮಚ್ಚೆ ಮೊನ್ನೆ ಎಡಕ್ಕೆ, ಇವತ್ತು ಬಲಕ್ಕೆ. ಇನ್ನೊಂದು ವಿಷಯವನ್ನೂ ಕಂಡುಹಿಡಿದಿದ್ದರು. ಪ್ರತಿ ಕಂತಿನಲ್ಲೂ ಎಲ್ಲಾದರೂ ಒಂದು ಮೂಲೆಯಲ್ಲಿ ಒಂದು ಕೆಂಪು ಟೀ ಕೆಟಲು ಬಚ್ಚಿಟ್ಟಿರುತ್ತಿತ್ತು.

“ಅದು ತಪ್ಪಲ್ಲ ಟೀಚರಮ್ಮ, ಬರ್ದೋನ ಕೈಗುರುತು. ಕಂಡೋರಿಗೆ ಕಾಣ್ಲಿ ಅಂತ ಇಟ್ಟಾನೆ.”

ಒಂದು ದಿನ ಆ ರೋಬೋಟನ್ನು ಯಾವುದೋ ಚಂದ್ರನ ಮೇಲೆ ಬಿಟ್ಟು ಹಡಗು ಹೊರಟುಹೋಯಿತು. ಪಾಪದ್ದು ಬಂಡೆಗಳ ನಡುವೆ ಕುಂಟುತ್ತಾ “ಎಕ್ಕಡ? ಎಕ್ಕಡ?” ಎಂದು ಕೂಗಿತು. ನಮ್ಮ ಮನೆಯಲ್ಲಿ ತೆಲುಗು ಇಲ್ಲ. ನಮಗೆ ಎಕ್ಕಡ ಎಂದರೆ ಚಪ್ಪಲಿ.

“ಏನಜ್ಜ, ಆರು ಕಾಲಿಗೂ ಎಕ್ಕಡ ಹುಡುಕ್ತೈತಾ ಅದು?”

ಅಜ್ಜ ನಕ್ಕೂ ನಕ್ಕೂ ಮಗ್ಗದ ಕಂಬ ಹಿಡಿದುಕೊಂಡರು. “ಅಯ್ಯೋ ನಮ್ಮವ್ವ! ತೆಲುಗಲ್ಲಿ ಎಕ್ಕಡ ಅಂದ್ರೆ ಎಲ್ಲಿ ಅಂತ. ನಮ್ಮೋರು ಎಲ್ಲಿ ಅಂತ ಅಳ್ತೈತೆ. ನೀವು ಅದ್ರ ಕಾಲಿಗೆ ಮೆಟ್ಟು ಹಾಕ್ಸಾಕೆ ಹೊಂಟ್ರಲ್ಲ!” ಅಂದಿನಿಂದ ನಾನು ಶಾಲೆಯಿಂದ ತಡವಾಗಿ ಬಂದರೆ ಸಾಕು, ಗುಂಡಿಯೊಳಗಿಂದಲೇ “ಎಕ್ಕಡ?” ಎಂದು ಕೂಗುತ್ತಿದ್ದರು.

ಮರುದಿನದ ಕಂತಿನಲ್ಲಿ ಕ್ಯಾಪ್ಟನ್ನಳ ತೋಳಿನ ಮೇಲೆ ಐದರ ಬದಲು ನಾಲ್ಕೇ ಪಟ್ಟಿ. ಅಜ್ಜನ ಪಿತ್ತ ನೆತ್ತಿಗೇರಿತು. “ಒಂದು ಎಳೆ ತಪ್ಪಿದ್ರೆ ನನ್ನ ಸೀರೆ ವಾಪಸ್ ಬರ್ತೈತೆ. ಪಟ್ಟಿಗೆ ಪಟ್ಟೀನೇ ನುಂಗಿದ ಇವ್ರನ್ನ ಕೇಳೋರಿಲ್ವಾ? ಬರೀರಿ ಕಾಗದ, ಇಂಗ್ಲೀಷಲ್ಲೇ ಬರೀರಿ!” ಚಾನೆಲ್ಲಿನವರಿಗೆ ಬರೆದೆ. ‘ಮಾನ್ಯರೇ, ನಿಮ್ಮ ಕ್ಯಾಪ್ಟನ್ನಳ ಒಂದು ಪಟ್ಟಿ ಕಾಣೆಯಾಗಿದೆ’ ಎಂದು ಶುರು ಮಾಡಿ ಎರಡು ಪುಟ. ಉತ್ತರ ಬರಲಿಲ್ಲ.

ಉತ್ತರ ಟಿವಿಯಲ್ಲೇ ಬಂತು, ಮೂರು ವಾರದ ಮೇಲೆ. ಹಡಗು ಆ ಚಂದ್ರನಿಗೆ ಮರಳಿತು. ನೋಡಿದರೆ ರೋಬೋಟಿನ ಮುರಿದ ಕಾಲಿಗೆ ಬಂಗಾರದ ಪಟ್ಟಿ ಕಟ್ಟಿದೆ! ಬಿಟ್ಟು ಹೋಗುವ ಮುಂಚೆ ಕ್ಯಾಪ್ಟನ್ನಳೇ ತನ್ನ ತೋಳಿಂದ ಕಿತ್ತು ಕಟ್ಟಿದ್ದಳಂತೆ, ನೀನು ನಮ್ಮವನೇ ಎನ್ನುವ ಗುರುತಿಗೆ. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು.

“ಕಳ್ಕೊಂಡಿದ್ದಲ್ಲ ಟೀಚರಮ್ಮ, ಕೊಟ್ಟಿದ್ದು. ತಿಳ್ಕೊಳ್ದೆ ಅವ್ರ ಕೆಲ್ಸಕ್ಕೆ ಹೆಸರಿಟ್ಟೆ. ತಪ್ಪಾಯ್ತು ಅಂತ ಬರೀರಿ. ಈ ಸಲ ರಿಜಿಸ್ಟರ್ ಮಾಡ್ಸಿ.”

ಕೆಲವು ದಿನಕ್ಕೆ ಅಂಚೆಯವರ ಸ್ವೀಕೃತಿ ಚೀಟಿ ವಾಪಸು ಬಂತು. ಅದರ ಮೇಲೆ ಯಾರದೋ ಗೀಚಿದ ಸಹಿ. ಕಾಗದ ತಲುಪಿದ್ದಕ್ಕೆ ಅಷ್ಟೇ ಸಹಿ ಎಂದು ಎಷ್ಟು ಹೇಳಿದರೂ ಅಜ್ಜ ಒಪ್ಪಲಿಲ್ಲ. “ಕ್ಷಮಿಸಿದೀವಿ ಅಂತ ಸೈನ್ ಹಾಕವ್ರೆ” ಎಂದು ಮಗ್ಗದ ಕಂಬಕ್ಕೆ ಅಂಟಿಸಿ, ಕುಂಕುಮ ಹಚ್ಚಿದರು.

ಆ ವರ್ಷವೇ ನನ್ನ ಮದುವೆ ಗೊತ್ತಾಯಿತು. ಧಾರೆ ಸೀರೆ ಅಜ್ಜನೇ ನೇಯಬೇಕೆಂದು ಅವ್ವ ಹೇಳಿದಳು. ಅಜ್ಜ ಎಷ್ಟು ಖುಷಿಪಟ್ಟರೆಂದರೆ ನಾನು ಬಣ್ಣ ಆರಿಸಲೂ ಬಿಡಲಿಲ್ಲ. ಅಂಚಿನುದ್ದಕ್ಕೂ ನವಿಲಿನ ಸಾಲು, ಪ್ರತಿ ನವಿಲಿನ ಕೊರಳಿಗೆ ಐದು ಜರಿ ಗೆರೆ.

ಸೀರೆ ನೋಡಲು ಅವ್ವನ ಜೊತೆ ಅತ್ತೆಯಾಗುವವರೂ ಚಳ್ಳಕೆರೆಯಿಂದ ಬಂದರು. ಶೇಂಗಾ ವ್ಯಾಪಾರದ ಮನೆಯವರು. ಚೀಲಕ್ಕೆ ಕೈ ಹಾಕಿದರೆ ಜೊಳ್ಳೆಷ್ಟು, ಕಾಳೆಷ್ಟು ಎಂದು ಹೇಳುವ ಕೈ ಅದು. ಆ ಕೈ ಅಂಚಿನ ಮೇಲೆ ನವಿಲಿನಿಂದ ನವಿಲಿಗೆ ಸಾಗಿ, ಸೆರಗಿನ ಹತ್ತಿರ ಬಂದು ನಿಂತಿತು.

“ಏನ್ರೀ ಯಜಮಾನ್ರೇ, ಎಲ್ಲಾದ್ಕೂ ಐದು ಗೆರೆ, ಈ ನವಿಲಿಗೆ ನಾಕೇ ಐತಲ್ಲ?”

ಅಜ್ಜ ಕಣ್ಣು ಮಿಟುಕಿಸದೆ ಹೇಳಿದರು: “ಹೌದ್ರಿ ತಾಯಿ, ನಾಕೇ. ಯಾಕೆ ಅಂತ ಮುಂದಿನ ಕಂತಲ್ಲಿ ಗೊತ್ತಾಗ್ತೈತೆ.”

“ಕಂತಾ?” ಅತ್ತೆ ಅವ್ವನ ಕಡೆ ತಿರುಗಿದರು. “ಯಾವ ಕಂತ್ರೀ ಬೀಗರೆ? ದುಡ್ಡು ಪೂರಾ ಕೊಟ್ಟಾಗೈತೆ ಅಂದಿದ್ರಲ್ಲ!”

ಅವ್ವನ ಮುಖ ಸುಣ್ಣದ ಗೋಡೆಯಾಯಿತು. ಮದುವೆಗೆ ಎಂಟು ದಿನವಿತ್ತು. ಧಾರೆ ಸೀರೆಯಲ್ಲಿ ಊನ ಎಂದು ಇವರು ಎದ್ದು ಹೊರಟರೆ ಗತಿಯೇನು? ಇದುವರೆಗೆ ಒಂದು ಎಳೆ ತಪ್ಪದ ಅಜ್ಜನ ಹೆಸರಿನ ಗತಿಯೇನು? ನನ್ನ ನಾಲಿಗೆ ತಾನಾಗಿಯೇ ಓಡಿತು.

“ಅತ್ತೇರೇ, ಅದು ದೃಷ್ಟಿ ನವಿಲು. ಮಗೂಗೆ ಕಪ್ಪು ಬೊಟ್ಟು ಇಡಲ್ವಾ, ಹಂಗೆ. ಮದುವೆ ಸೀರೇಲಿ ಬೇಕಂತ್ಲೇ ಒಂದು ಗೆರೆ ಬಿಡೋದು ಈ ಊರ ಪದ್ಧತಿ.”

ಅಂಥ ಪದ್ಧತಿ ಯಾವ ಊರಲ್ಲೂ ಇರಲಿಲ್ಲ. ಅತ್ತೆ ಮಾತ್ರ ಕರಗಿಹೋದರು. ಅವರು ಚಳ್ಳಕೆರೆ ತುಂಬಾ ಎಷ್ಟು ಹೊಗಳಿಕೊಂಡು ತಿರುಗಿದರೆಂದರೆ, ಮುಂದಿನ ಲಗ್ನಕಾಲದಲ್ಲಿ ನಾಲ್ಕು ಮನೆಯವರು ‘ದೃಷ್ಟಿ ನವಿಲಿನ ಸೀರೆ’ ಬೇಕೆಂದು ಮೊಳಕಾಲ್ಮೂರಿಗೆ ಹೋದರಂತೆ. ನೇಕಾರರೆಲ್ಲ ತಲೆ ಕೆರೆದುಕೊಂಡರಂತೆ.

ಅಜ್ಜನಿಗೆ ಮಾತ್ರ ನನ್ನ ಮೇಲೆ ಸಿಟ್ಟು. “ದೃಷ್ಟಿನೂ ಇಲ್ಲ, ಗಿಷ್ಟಿನೂ ಇಲ್ಲ. ಸುಳ್ಳು ಯಾಕೆ ಹೇಳಿದ್ರಿ?” ಎಂದರು. ನಾನು ನಕ್ಕು ತೇಲಿಸಿದೆ. ಅಜ್ಜನಿಗೆ ಕಣ್ಣಿನ ಪೊರೆ ಬಂದಿದೆ, ಒಂದು ಗೆರೆ ತಪ್ಪಿದೆ, ಒಪ್ಪಿಕೊಳ್ಳಲು ಅಭಿಮಾನ ಬಿಡುತ್ತಿಲ್ಲ ಎಂದೇ ನನ್ನ ತೀರ್ಮಾನ. ಮನಸ್ಸಿನಲ್ಲಿಟ್ಟುಕೊಂಡಿದ್ದರೂ ಆಗುತ್ತಿತ್ತು. ತಂಗಿಯ ಮದುವೆ ಬಂದಾಗ “ಅಜ್ಜನ ಕಣ್ಣು ಹೋಗೈತೆ, ಸೀರೆ ಬೇರೆಯೋರಿಗೆ ಕೊಡು” ಎಂದು ಅವ್ವನಿಗೆ ಹೇಳಿದವಳು ನಾನೇ.

ಅದು ಗೊತ್ತಾದ ಮೇಲೂ ಅಜ್ಜ ನನ್ನನ್ನು ದೂರಲಿಲ್ಲ. ಮದುವೆಯಾದ ಮೇಲೆ ಮೊಳಕಾಲ್ಮೂರಿಗೆ ಹೋದಾಗಲೆಲ್ಲ ನೋಡಿ ಬರುತ್ತಿದ್ದೆ. ಪ್ರತಿ ಸಲವೂ ಒಂದೇ ಪ್ರಶ್ನೆ.

“ಟೀಚರಮ್ಮ, ಮುಂದಿನ ಕಂತು ನೋಡಿದ್ರಾ?”

“ಎಲ್ಲಿ ಅಜ್ಜ, ಮನೇಲಿ ಟಿವಿ ನನ್ ಕೈಗೆ ಸಿಗಲ್ಲ.”

“ನೋಡ್ರಿ, ನೋಡ್ರಿ... ಅವಸರ ಇಲ್ಲ.” ಹಾಗೆನ್ನುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಕಾರ್ಟೂನು ನಿಂತುಹೋಗಿ ಎಷ್ಟೋ ಕಾಲವಾಗಿತ್ತು, ಅಜ್ಜನಿಗೆ ಅರಳುಮರುಳು ಅಂದುಕೊಂಡೆ. ಮಗಳು ಹುಟ್ಟಿದ ಮೇಲೆ ನನ್ನ ಓಡಾಟ ಕಡಿಮೆಯಾಯಿತು. ಅಜ್ಜ ಹೋದ ಸುದ್ದಿ ತಡವಾಗಿ ತಲುಪಿತು. ನಾನು ಹೋಗುವಷ್ಟರಲ್ಲಿ ಮಗ್ಗದ ಗುಂಡಿಯನ್ನು ಮುಚ್ಚಿ, ಮೇಲೆ ಟೈಲ್ಸ್ ಹಾಕಿದ್ದರು...

ಬ್ಲೇಡು ಎತ್ತಿಕೊಂಡೆ. ಈ ರವಿಕೆಯ ಕಣವೂ ಸೆರಗಿನ ಆಚೆ, ಸೀರೆಯ ತುದಿಗೆ ಸೇರಿಸಿ ಅಜ್ಜನೇ ನೇಯ್ದದ್ದು. ದರ್ಜಿ ಅದರ ಅಂಚನ್ನು ತೋಳಿಗೆ ಇಟ್ಟು ಹೊಲಿದಿದ್ದ. ಎಡತೋಳಿನ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನು ಹೊರಗೆಳೆದೆ. ಬೆಳಕೇ ಕಾಣದ ಆ ಮಡಿಕೆಯಲ್ಲಿ ಒಂದು ನವಿಲು, ನಿನ್ನೆ ನೇಯ್ದಷ್ಟು ಹೊಸದು. ಕೊರಳಿನ ಗೆರೆ ಎಣಿಸಿದೆ. ಕನ್ನಡಕ ಹಾಕಿಕೊಂಡು ಮತ್ತೆ ಎಣಿಸಿದೆ.

ಆರು.

ಸೆರಗಿನ ನವಿಲಿನಿಂದ ಹೋದ ಗೆರೆ ಇಲ್ಲಿತ್ತು. ದರ್ಜಿಗೆ ಬಟ್ಟೆ ಕೊಡುವಾಗ ನಾನು ಕಂಡೇ ಕಾಣುತ್ತೇನೆ, ಓಡಿ ಬಂದು ಹೇಳುತ್ತೇನೆ ಎಂದು ಅಜ್ಜ ಅಷ್ಟು ವರ್ಷ ಕಾದಿದ್ದರು. ಕಣ್ಣು ಹೋಗಿದ್ದು ಅಜ್ಜನದಲ್ಲ, ನನ್ನದು! ಈಗ ತಪ್ಪಾಯ್ತು ಎಂದು ಕಾಗದ ಬರೆಯುವ ಸರದಿ ನನ್ನದು. ರಿಜಿಸ್ಟರ್ ಮಾಡಿಸಿದರೂ ಸಹಿ ಹಾಕಿ ಚೀಟಿ ಕಳಿಸುವವರು ಯಾರು?

ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು, ನನಗೇ ಗೊತ್ತಿಲ್ಲದಂತೆ ಜೋರಾಗಿ ಕೂಗಿಬಿಟ್ಟಿದ್ದೆ: “ಎಕ್ಕಡ ಅಜ್ಜ? ಎಕ್ಕಡ?”

ಒಳಗಿನಿಂದ ನನ್ನ ಗಂಡ ಕೂಗಿದರು: “ಬಾಗ್ಲಲ್ಲೇ ಐತಲ್ಲೇ ನಿನ್ ಎಕ್ಕಡ! ಈಗೆಲ್ಲಿಗೆ ಹೊಂಟೆ?”