ಶುಕ್ರವಾರದ ರಕ್ತ

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ವೈದ್ಯಕೀಯ ಸಂಶೋಧನೆಯಲ್ಲಿ ಡಾಕ್ಟರೇಟಿಗೆ ಸೇರಿದ ನನಗೆ ಮೊದಲ ಆರು ತಿಂಗಳು ಒಂದು ಸಮೀಕರಣವನ್ನೂ ಬರೆಯಲು ಬಿಡಲಿಲ್ಲ. ನನ್ನ ಮಾರ್ಗದರ್ಶಕರು ವೈದ್ಯರು. ರಕ್ತವನ್ನು ಮುಟ್ಟದವನು ಅದರ ಲೆಕ್ಕ ಹೇಳಕೂಡದೆಂಬುದು ಅವರ ಹಟ. ಹಾಗಾಗಿ ಐವತ್ತರ ದಶಕದ ಕೊನೆಯ ಆ ದಿನಗಳಲ್ಲಿ, ಮಲೇರಿಯಾ ಸಮೀಕ್ಷೆಗೆಂದು ಶಿಕಾರಿಪುರದಲ್ಲಿ ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ ನಾನು ಗಾಜಿನ ಪಟ್ಟಿಗಳನ್ನು ತೊಳೆದೆ, ಬಣ್ಣ ಕಲಸಿದೆ, ನನ್ನದೇ ಬೆರಳಿಗೆ ಸೂಜಿ ಚುಚ್ಚಿ ಕಲಿತೆ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಹೊರಗಿನ ಊರು ಕರಗಿಹೋಗುತ್ತಿತ್ತು. ಮಾಸಲು ಗುಲಾಬಿ ಬಣ್ಣದ ಕಣಗಳು ದಡವಿಲ್ಲದ ನೀರಿನಲ್ಲಿ ನಿಂತಂತೆ ಕಾಣುತ್ತಿದ್ದವು. ಯಾವುದೋ ಒಂದರೊಳಗೆ ನೀಲಿಯ ಉಂಗುರ, ಅದರ ಮೇಲೊಂದು ಕೆಂಪು ಹರಳು: ಅದೇ ಮಲೇರಿಯಾದ ರೋಗಾಣು. ಅಷ್ಟು ಚೆಲುವಾದ ವಸ್ತು ಮಗುವೊಂದನ್ನು ನಡುಗಿಸಿ ಮಲಗಿಸುತ್ತದೆಂದು ನಂಬಲು ನನಗೆ ಬಹಳ ದಿನ ಹಿಡಿಯಿತು.

ಬುಧವಾರ ಈಸೂರಿನ ಕಡೆ, ಶುಕ್ರವಾರ ಬಸ್ಸಿನಲ್ಲಿ ಆನವಟ್ಟಿಗೆ ಹೋಗಿ ಸೊರಬದ ಹಳ್ಳಿಗಳ ಕಡೆ. ಮನೆಗೊಂದು ಮಗುವಿನ ರಕ್ತ ತೆಗೆಯಬೇಕು. ಜ್ವರದ ಮಗುವಿದ್ದರೆ ಅದರದ್ದೇ. ಕೊನೆಗೆ ಗಣಿತಕ್ಕೆ ಅನುಮತಿ ಸಿಕ್ಕಾಗ ಸೊರಬದ ಅಂಕಿಗಳು ಎಷ್ಟು ಕೆಳಗಿದ್ದವೆಂದರೆ, ರೋಗ ತಾನಾಗಿಯೇ ಹಿಂಜರಿಯುವ ಬಗೆಗೆ ನಾನೊಂದು ಸೂತ್ರವನ್ನೇ ಕಟ್ಟಿದೆ. ಇಳಿಜಾರಾಗಿ ಹೋಗುವ ಆ ರೇಖೆಯನ್ನು ಕನಸಿನಲ್ಲೂ ಕಂಡೆ. ಅದನ್ನೇ ನಂಬಿ, ಆ ಹಳ್ಳಿಗಳಲ್ಲಿ ಡಿಡಿಟಿ ಸಿಂಪಡಣೆ ನಿಲ್ಲಿಸಬಹುದೆಂದು ಮಾರ್ಗದರ್ಶಕರು ಮೇಲಿನವರಿಗೆ ಪತ್ರ ಸಿದ್ಧಪಡಿಸಿದರು.

ಆ ವಾರ ಶುಕ್ರವಾರದ ಬಸ್ಸು ಕೆಟ್ಟಿತು. ನಾನು ಶನಿವಾರ ಹೋದೆ. ಮೊದಲ ಮನೆಯಲ್ಲೇ ತಾಯಿಯೊಬ್ಬಳು ಕಂಬಳಿಯಲ್ಲಿ ಸುತ್ತಿದ ಹುಡುಗಿಯನ್ನು ಎತ್ತಿ ತಂದಳು.

"ಇವತ್ತು ಇವಳದ್ದು ತಗಳಪ್ಪಾ. ತಿಂಗಳಾತು, ದಿನ ಬಿಟ್ಟು ದಿನ ಚಳಿಜ್ವರ."

"ತಿಂಗಳಿಂದಲಾ? ಹೋದ ವಾರ ಯಾಕೆ ತೋರಿಸಲಿಲ್ಲ ಅಕ್ಕಾ?"

"ಶುಕ್ರವಾರ ಅಲ್ವಾ! ಶುಕ್ರವಾರ ಮನೆ ರಕ್ತ ಹೊರಗೆ ಕೊಡ್ತಾರಾ, ಅದೂ ಕಾಯಿಲೆ ಮಗೂದು?"

"ಮತ್ತೆ ಹುಡುಗನದ್ದು ಕೊಟ್ಟಿರಲ್ಲ?"

"ಅವನಿಗೇನು, ಗುಂಡುಕಲ್ಲು! ಒಂದು ಹನಿ ಹೋದ್ರೆ ತಡ್ಕಳ್ತಾನೆ. ಬಿಸಿಲಲ್ಲಿ ಬಂದೋನ್ನ ಬರಿಗೈಲಿ ಕಳ್ಸಕ್ಕೆ ಮನಸು ಬರ್ಲಿಲ್ಲ. ಪಕ್ಕದ ಮನೆಯೋರೂ ಹಂಗೇ ಮಾಡಿದ್ದು."

ಬೀದಿಯುದ್ದಕ್ಕೂ ಕೇಳುತ್ತ ಹೋದೆ. ಎಲ್ಲ ಮನೆಯಲ್ಲೂ ಅದೇ ಮರ್ಯಾದೆ, ಅದೇ ಉತ್ತರ. ನನ್ನ ಸೂತ್ರವು ರೋಗವನ್ನಲ್ಲ, ಸೊರಬದ ತಾಯಂದಿರ ಸೌಜನ್ಯವನ್ನು ಅಳೆದಿತ್ತು.

ಮರುದಿನ ಮಾರ್ಗದರ್ಶಕರ ಮುಂದೆ ನಿಂತೆ.

"ಪತ್ರ ಕಳಿಸಬೇಡಿ ಸರ್. ಅಂಕಿ ಸುಳ್ಳು. ಶುಕ್ರವಾರವೆಂದು ಕಾಯಿಲೆ ಮಕ್ಕಳ ರಕ್ತ ಯಾರೂ ಕೊಟ್ಟಿಲ್ಲ."

"ನಿಮ್ಮದೇ ಪ್ರಬಂಧದ ಅಧ್ಯಾಯ ಕಣ್ರೀ ಅದು. ಹರಿದು ಹಾಕಿದರೆ ಒಂದು ವರ್ಷ ಹೋಯಿತು. ಯೋಚಿಸಿ."

"ಹೋಗಲಿ. ಆದರೆ ಶುಕ್ರವಾರ ಗೊತ್ತುಮಾಡಿದವರು ಯಾರು?"

ಅವರ ಮುಖ ಕೆಂಪಾಯಿತು. "ನಾನು. ಬುಧವಾರ ಈಸೂರಿಗೆ ಹೋಗಿರುತ್ತಿದ್ದಿರಿ. ಶುಕ್ರವಾರ ಖಾಲಿ ಇತ್ತು. ತಪ್ಪೇ?"

"ಯಾರನ್ನೂ ಕೇಳದೆ ಗೊತ್ತುಮಾಡಿದ್ದು ತಪ್ಪು. ಯಾರನ್ನೂ ಕೇಳದೆ ರೇಖೆ ಎಳೆದದ್ದು ನನ್ನ ತಪ್ಪು. ಎರಡನ್ನೂ ಬರೆದು ಮೇಲಿನವರಿಗೆ ಕಳಿಸೋಣ."

ವಿದ್ಯಾರ್ಥಿಯೊಬ್ಬ ಗುರುವಿಗೆ ಹಾಗೆ ಹೇಳುವ ಕಾಲವಲ್ಲ ಅದು. ಅಪ್ರಾಮಾಣಿಕತೆ ಬರೆದ ಸುಳ್ಳಿನಲ್ಲಿ ಮಾತ್ರವಲ್ಲ, ಕೇಳದೆ ಉಳಿದ ಪ್ರಶ್ನೆಯಲ್ಲೂ ಇರುತ್ತದೆಂದು ಇಂದಿಗೂ ನಂಬುತ್ತೇನೆ. ಅಂದು ಅದನ್ನು ಕೂಗಿಯೇ ಹೇಳಿದೆ. ಅವರು ಪತ್ರವನ್ನು ಎರಡಾಗಿ ಹರಿದು, ಹೊಸ ಹಾಳೆಯಲ್ಲಿ ಎರಡೂ ತಪ್ಪುಗಳನ್ನು ತಾವೇ ಬರೆದರು. ಮೊದಲ ಸಹಿ ಅವರದು, ಎರಡನೆಯದು ನನ್ನದು.

ಗುರುವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಅವರು ಪ್ರತಿ ಮನೆಯ ಜಗಲಿಯಲ್ಲಿ ಕುಳಿತು, ಸೂಜಿ ತೆಗೆಯುವ ಮೊದಲು, ಯಾವ ದಿನ ಬರಲಿ ಎಂದು ಕೇಳಿದರು. ಮಳೆಗಾಲಕ್ಕೆ ಮುಂಚೆ ಡಿಡಿಟಿಯ ತಂಡ ಆ ಹಳ್ಳಿಗಳಿಗೆ ಬಂತು. ನನ್ನ ಪದವಿ ಒಂದು ವರ್ಷ ತಡವಾಯಿತು.