ಯಾವ ಬರ್ತೀನಿ

ನಾನು ಬ್ಯಾಂಕಾಕಿಗೆ ಹೋದದ್ದು ಒಂದು ಮಾತಿನ ಎಡವಟ್ಟಿನಿಂದ.

ಜಯನಗರದಲ್ಲಿ ನನ್ನ ಹೈಸ್ಕೂಲಿನ ಗೆಳತಿಯ ಮನೆ. ಅವತ್ತು ಸಂಜೆ ಅವಳೂ ಅವಳ ಜೊತೆ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಅಕ್ಕತಂಗಿಯರಿಬ್ಬರೂ ಬ್ಯಾಂಕಾಕ್ ಪ್ರವಾಸದ ಮಾತಿನಲ್ಲಿ ಮುಳುಗಿದ್ದರು. ನನಗೆ ಕತ್ತಲಾಗುವ ಮೊದಲು ತ್ಯಾಗರಾಜನಗರ ಸೇರಬೇಕಿತ್ತು. ಕಾಫಿ ಲೋಟ ಕೆಳಗಿಟ್ಟು ಎದ್ದೆ. “ಸರಿ, ನಾನು ಬರ್ತೀನಿ” ಎಂದೆ. ಹೊರಡುವಾಗ ‘ಹೋಗ್ತೀನಿ’ ಎನ್ನುವುದು ನಮ್ಮಲ್ಲಿ ಅಪಶಕುನ. ಮನೆಗೆ ಹೊರಟವರೂ ‘ಬರ್ತೀನಿ’ ಎಂದೇ ಹೇಳಬೇಕು. ಗೆಳತಿ ಥಟ್ಟನೆ ಎದ್ದು ನನ್ನನ್ನು ತಬ್ಬಿಕೊಂಡಳು. ನಾಲ್ಕು ಟಿಕೆಟ್ ಎಂದು ಅಲ್ಲೇ ತೀರ್ಮಾನವಾಯಿತು.

ತಿದ್ದಬಹುದಿತ್ತು. ಆದರೆ ಅವಳ ಗಂಡ ತೀರಿಕೊಂಡು ಆಗಿನ್ನೂ ಎಂಟು ತಿಂಗಳು. ಬೆಳಿಗ್ಗೆ ಪೋಸ್ಟ್ ಆಫೀಸಿಗೆಂದು ಹೊರಟವರು, ಅವಸರದಲ್ಲಿ ಬಾಗಿಲಿನಿಂದಲೇ ‘ಹೋಗ್ತೀನಿ’ ಎಂದು ಕೂಗಿ, ರಸ್ತೆಯ ತಿರುವಿನಲ್ಲಿ ಕುಸಿದು ಬಿದ್ದಿದ್ದರು. “ಬರ್ತೀನಿ ಅನ್ಲಿಲ್ಲ ಕಣೇ” ಎಂದು ಹದಿಮೂರು ದಿನವೂ ಅವಳು ಅದನ್ನೇ ಹೇಳಿದ್ದಳು. ಆಮೇಲೆ ಅವಳು ಬಾಯಿತುಂಬ ನಕ್ಕದ್ದನ್ನು ನೋಡಿದ್ದು ಆ ಸಂಜೆಯೇ. ಬಿಸಿ ತುಪ್ಪ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಬ್ಯಾಂಕಾಕಿನಲ್ಲಿ ನಾಲ್ವರ ಪಾಸ್‌ಪೋರ್ಟೂ ಅವಳ ಕೈಚೀಲದಲ್ಲಿದ್ದವು. ಅಲ್ಲಿಯ ಸಿಮ್ ಇದ್ದದ್ದು ಅವಳ ಫೋನಿಗೆ ಮಾತ್ರ. ಆರು ಗಂಟೆಗೆ ಕೆಟಲ್ ಕುದಿಯುತ್ತಿತ್ತು, ಮನೆಯಿಂದ ತಂದ ಅವಲಕ್ಕಿಗೆ ಬಿಸಿನೀರು ಬೀಳುತ್ತಿತ್ತು, ಏಳೂವರೆಗೆ ವ್ಯಾನ್. ಪ್ರತಿ ದೇವಸ್ಥಾನದ ಮುಂದೆಯೂ ನಾಲ್ವರೂ ಸಾಲಾಗಿ ನಿಂತು ಕೈಯೆತ್ತಿ ಫೋಟೋ. ಬುದ್ಧ ಅಷ್ಟು ಉದ್ದ ಮಲಗಿದ್ದಾನೆ, ನನಗೆ ಕಂಡದ್ದು ಅಕ್ಕನ ಭುಜ ಮತ್ತು ತಂಗಿಯ ಟೋಪಿಯ ಸಂದಿಯಲ್ಲಿ ಅವನ ಕಾಲಿನ ಹೆಬ್ಬೆರಳು. ನಾನು ಟಾಯ್ಲೆಟ್ಟಿಗೆ ಹೋದರೂ ಗೆಳತಿ ಬಾಗಿಲ ಹೊರಗೆ ನಿಂತು, “ಇದ್ದೀಯೇನೇ?” ಎನ್ನುತ್ತಿದ್ದಳು. ಮೂವತ್ತು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ‘ಸದ್ದು ಮಾಡಬೇಡಿ’ ಎಂದು ಬದುಕಿದವಳು ನಾನು.

ಮೊದಲ ದಿನವೇ ಸೇತುವೆಯ ಮೇಲಿಂದ ನದಿಯ ದೋಣಿ ಕಂಡಿತ್ತು. ನಮ್ಮ ಸಿಟಿ ಬಸ್ಸಿನ ಹಾಗೆ ಜನ ಹತ್ತಿ ಇಳಿಯುವ ದೊಡ್ಡ ದೋಣಿ. ಆಫೀಸಿನವರು, ತರಕಾರಿ ಚೀಲದವರು, ಕಾವಿ ಹೊದ್ದ ಒಬ್ಬ ಭಿಕ್ಷು. ಅದರಲ್ಲಿ ಒಂದು ಗಂಟೆ ಒಬ್ಬಳೇ ಕೂರಬೇಕೆನ್ನಿಸಿತು. ಆ ಇಡೀ ಊರಿನಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ. ದಿನವೂ ಗೆಳತಿಯನ್ನು ಕೇಳಿದೆ. ವ್ಯಾನ್ ಇರುವಾಗ ದೋಣಿ ಯಾಕೆ ಎಂದು ಒಂದು ದಿನ, ಒಬ್ಬಳೇ ಎಲ್ಲಿಗೂ ಹೋಗಕೂಡದು ಎಂದು ಇನ್ನೊಂದು ದಿನ ಅವಳು ತಳ್ಳಿಹಾಕಿದಳು.

ಕೊನೆಯ ದಿನ ಹೋಟೆಲಿನ ಲಾಬಿಯಲ್ಲಿ ಮತ್ತೆ ಕೇಳಿದೆ. ಅವಳು ನಮ್ಮ ತಲೆ ಎಣಿಸುತ್ತ, ಇವತ್ತು ಮಾಲ್, ದೋಣಿ ನಾಳೆ ನೋಡೋಣ ಎಂದಳು. ನಾಳೆ ಬೆಳಿಗ್ಗೆ ವಿಮಾನ.

“ನಾನು ಹೋಗ್ತೀನಿ” ಎಂದೆ.

ಬಾಯಿತಪ್ಪಿ ಅಂದೆ ಎಂದು ಬರೆದುಕೊಳ್ಳಬಹುದು, ಆದರೆ ಅದು ಸುಳ್ಳು. ‘ಬರ್ತೀನಿ’ ಎಂದಿದ್ದರೆ ಮತ್ತೆ ವ್ಯಾನ್ ಹತ್ತಿಸುತ್ತಿದ್ದಳು. ಅವಳನ್ನು ಎಲ್ಲಿ ಮುಟ್ಟುತ್ತದೆಂದು ಗೊತ್ತಿದ್ದೇ ಆಡಿದ ಮಾತು ಅದು. ಅವಳ ಮುಖ ಬಿಳಿಚಿಕೊಂಡಿತು. ನಾನು ತಿರುಗಿ ನೋಡದೆ ನಡೆದೆ.

ದೋಣಿಯಲ್ಲಿ ಮೊದಲ ಹತ್ತು ನಿಮಿಷ ಪರಮಸುಖ. ಗಾಳಿ, ಡೀಸೆಲ್ ವಾಸನೆ, ನಗು ಎಂದು ಹೇಳುವವರು ಯಾರೂ ಇಲ್ಲ. ಆಮೇಲೆ ಅವಳ ಮುಖ ನೆನಪಾಯಿತು. ದಡದಲ್ಲಿ ಏನೇನು ಹಾದುಹೋಯಿತೋ ಕಾಣೆ. ಫೋನ್ ಮಾಡೋಣವೆಂದರೆ ನನ್ನ ಫೋನು ಅಲ್ಲಿ ಬರೀ ಗಡಿಯಾರ. ಮುಂದಿನ ದೋಣಿಕಟ್ಟೆಯಲ್ಲಿ ಇಳಿದು, ವಾಪಸ್ ಹೋಗುವ ದೋಣಿಗೆ ಕಾದು ಹತ್ತಿದೆ.

ಅಕ್ಕತಂಗಿಯರು ಮಾಲಿಗೆ ಹೋಗಿದ್ದರು. ಅವಳು ಲಾಬಿಯ ಸೋಫಾದಲ್ಲಿ ಗಾಜಿನ ಬಾಗಿಲನ್ನೇ ನೋಡುತ್ತ ಕೂತಿದ್ದಳು, ತೊಡೆಯ ಮೇಲೆ ನನ್ನ ಪಾಸ್‌ಪೋರ್ಟ್.

“ಬಂದ್ಯಾ.”

“ಬಂದೆ.”

“ಬೇಕಾದ್ರೆ ಬೈದ್ಬಿಡು ಕಣೇ. ಹಾಗನ್ಬೇಡ.”

ನಾಚಿಕೆಯಾಯಿತು. ಜೊತೆಗೆ ಕೋಪವೂ ಬಂತು, ಅದನ್ನು ಮುಚ್ಚಿಡುವುದಿಲ್ಲ: ಅವಳ ದುಃಖಕ್ಕೆ ನನ್ನನ್ನೇಕೆ ಕಟ್ಟಿಹಾಕಬೇಕು? ಆ ಕೋಪದಲ್ಲೇ ನಿಜ ಹೇಳಿದೆ. ಅವತ್ತು ನಾನು ‘ಬರ್ತೀನಿ’ ಎಂದದ್ದು ಮನೆಗೆ ಹೊರಟಿದ್ದಕ್ಕೆ, ಬ್ಯಾಂಕಾಕಿಗಲ್ಲ.

“ಹಾಗಾದ್ರೆ ನಿಂಗೆ ಬರೋ ಮನಸ್ಸೇ ಇರ್ಲಿಲ್ವಾ?”

ಅವಳು ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟು ಬ್ಯಾಗ್ ಜೋಡಿಸಲು ಎದ್ದಳು.

ಮೊನ್ನೆ ಅವಳ ಮನೆಯಲ್ಲಿ ಮತ್ತೆ ಕಾಫಿ. ಅಕ್ಕತಂಗಿಯರು ಈ ಸಲ ಶ್ರೀಲಂಕಾ ಎನ್ನುತ್ತಿದ್ದರು. ನಾನು ಲೋಟ ಕೆಳಗಿಟ್ಟು ಎದ್ದು, ಅಭ್ಯಾಸದಂತೆ ‘ಬರ್ತೀನಿ’ ಎಂದೆ. ಗೆಳತಿ ಗೇಟಿನವರೆಗೂ ಬಂದಳು.

“ಯಾವ ಬರ್ತೀನಿ ಕಣೇ ಇದು?”

“ಮನೆಗೆ ಹೋಗೋ ಬರ್ತೀನಿ.”

ಅವಳು ಗೇಟಿನ ಚಿಲಕ ಹಿಡಿದು ಒಂದು ಗಳಿಗೆ ನಿಂತಳು. ಆಮೇಲೆ ತೆಗೆದು, “ಸರಿ, ಹೋಗ್ಬಾ” ಎಂದಳು. ‘ಬಾ’ ಎನ್ನುವುದನ್ನು ಸ್ವಲ್ಪ ಒತ್ತಿ ಹೇಳಿದಳು.